ಅಂಗಡಿಯ ಸಿಮ್‌ಗಳಿಗೆ ಕಡಿಮೆ ಖರ್ಚಿನ ಪ್ಲಾನ್ ಆರಿಸುವುದು ಹೇಗೆ?

ಶಿರಸಿಯಲ್ಲಿ ನಮ್ಮ ಭಾವನದ್ದು ಪಂಪ್‌ಸೆಟ್, ಪೈಪ್, ಸ್ಪ್ರಿಂಕ್ಲರ್ ಮಾರುವ ಅಂಗಡಿ. ಕೌಂಟರ್ ಹಿಂದಿನ ಗೋಡೆಗೆ ಒಂದು ರಟ್ಟು ನೇತುಹಾಕಿದ್ದರು. ಪಂಪ್ ಬಂದ ಡಬ್ಬದಿಂದಲೇ ಹರಿದ ರಟ್ಟು. ಅದರ ಮೇಲೆ ಕೆಂಪು ಪೆನ್ನಿನಲ್ಲಿ ಮೊಬೈಲ್ ನಂಬರುಗಳು, ಪಕ್ಕದಲ್ಲಿ ರೀಚಾರ್ಜ್ ಮುಗಿಯುವ ತಾರೀಖು. ಒಂದು ತಾರೀಖು ಹೊಡೆದುಹಾಕಿ ಇನ್ನೊಂದು, ಅದನ್ನೂ ಹೊಡೆದುಹಾಕಿ ಮತ್ತೊಂದು. ಕೊನೆಗೆ ಬರೆಯಲು ಜಾಗವೇ ಉಳಿದಿರಲಿಲ್ಲ.

'ಎಷ್ಟು ನಂಬರ್ ಇದೆ ಭಾವ?' ಅಂದೆ. 'ಆರು' ಅಂದರು. ಕೂತು ಎಣಿಸಿದರೆ ಏಳು. ಏಳನೆಯದು ಡ್ರಾಯರಿನೊಳಗೆ ಹಳೆಯ ಕೀಪ್ಯಾಡ್ ಫೋನಿನಲ್ಲಿತ್ತು. ಅದಕ್ಕೂ ತಪ್ಪದೆ ರೀಚಾರ್ಜ್ ಆಗುತ್ತಿತ್ತು!

ಸಣ್ಣ ಅಂಗಡಿ, ಗ್ಯಾರೇಜು, ಹೋಮ್ ಸ್ಟೇ, ಕೇಟರಿಂಗ್ ನಡೆಸುವ ಬಹಳ ಜನರ ಕಥೆ ಇದೇ. ಒಂದೊಂದಾಗಿ ಸಿಮ್ ಸೇರುತ್ತಾ ಹೋಗುತ್ತದೆ. ಎಲ್ಲದಕ್ಕೂ ಒಂದೇ ಪ್ಯಾಕ್ ಹಾಕುವುದು ಅಭ್ಯಾಸವಾಗಿಬಿಡುತ್ತದೆ. 2024ರ ಜುಲೈ ಮೊದಲ ವಾರ ಜಿಯೋ, ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ) ಮೂರೂ ದರ ಏರಿಸಿದ ಮೇಲೆ ಈ ಅಭ್ಯಾಸ ದುಬಾರಿಯಾಗಿದೆ. ಭಾವನ ಅಂಗಡಿಗೆ ಲೆಕ್ಕ ಹಾಕಿದ ಕ್ರಮದಲ್ಲೇ ಇಲ್ಲಿ ಹೇಳುತ್ತೇನೆ. ನಿಮ್ಮ ಅಂಗಡಿಗೂ ಹೊಂದುತ್ತದೆ.

1. ಮೊದಲು ಪಟ್ಟಿ ಮಾಡಿ

ಪ್ಲಾನ್ ನೋಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ನಂಬರಿನ ಮುಂದೆ ನಾಲ್ಕು ವಿಷಯ ಬರೆಯಿರಿ: ಯಾರ ಕೈಯಲ್ಲಿದೆ, ಯಾರ ಹೆಸರಿನಲ್ಲಿದೆ, ಏನು ಕೆಲಸಕ್ಕೆ, ತಿಂಗಳಿಗೆ ಎಷ್ಟು ಡೇಟಾ ಖರ್ಚಾಗುತ್ತದೆ. ಕೊನೆಯದನ್ನು ಅಂದಾಜಿನಲ್ಲಿ ಬರೆಯಬೇಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆ ಎಷ್ಟೆಂದು ತೋರಿಸುತ್ತದೆ. ಕಂಪನಿಯ ಆ್ಯಪ್‌ನಲ್ಲೂ ಸಿಗುತ್ತದೆ.

ಭಾವನ ಕೌಂಟರ್ ಫೋನಿಗೆ ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇತ್ತು. ಆದರೆ ಅಂಗಡಿಯಲ್ಲಿ ಬ್ರಾಡ್‌ಬ್ಯಾಂಡ್ ಇದೆ, ಆ ಫೋನ್ ಇಡೀ ದಿನ ವೈಫೈ ಮೇಲೇ ಇರುತ್ತದೆ. ಸಿಮ್‌ನ ಡೇಟಾ ತಿಂಗಳಿಗೆ ಅರ್ಧ ಜಿಬಿಯೂ ಖರ್ಚಾಗಿರಲಿಲ್ಲ. ಗೋಡೌನ್ ಫೋನಿಗೆ ಬರೀ ಕರೆ. ಡೆಲಿವರಿಗೆ ಹೋಗುವ ಇಬ್ಬರು ಹುಡುಗರಿಗೆ ಮಾತ್ರ ಡೇಟಾ ಬೇಕೇ ಬೇಕು. ಮ್ಯಾಪ್ ನೋಡಬೇಕು, ಇಳಿಸಿದ ಮಾಲಿನ ಫೋಟೊ ಕಳಿಸಬೇಕು, ದುಡ್ಡು ಬಂತಾ ನೋಡಬೇಕು. ಹಳ್ಳಿ ಸುತ್ತಿ ಆರ್ಡರ್ ತರುವವನಿಗೂ ಹಾಗೇ.

ಹೊಸ ಸಿಮ್ ತೆಗೆದುಕೊಳ್ಳುವ ಮೊದಲು ಅದು ನಿಜವಾಗಿ ಬೇಕಾ ಅಂತ ಕೇಳಿಕೊಳ್ಳಿ. ಆರ್ಡರ್ ವಾಟ್ಸ್ಆ್ಯಪ್‌ನಲ್ಲಿ ಬರುವುದಾದರೆ ವಾಟ್ಸ್ಆ್ಯಪ್ ಬಿಸಿನೆಸ್ ಖಾತೆಯನ್ನು ಮುಖ್ಯ ಫೋನಿನ ಜೊತೆಗೆ ಇನ್ನೂ ನಾಲ್ಕು ಕಡೆ ತೆರೆದಿಡಬಹುದು. ಒಂದೇ ನಂಬರಿನ ಮೆಸೇಜನ್ನು ಕೌಂಟರಿನವರೂ ಗೋಡೌನಿನವರೂ ನೋಡಬಹುದು. 'ವಾಟ್ಸ್ಆ್ಯಪ್‌ಗೆ ಅಂತ ಇನ್ನೊಂದು ನಂಬರ್' ಬೇಕಾಗುವುದಿಲ್ಲ.

ಡ್ರಾಯರಿನ ಏಳನೇ ಸಿಮ್ ತೆಗೆದುಹಾಕಲು ಅವಸರ ಮಾಡಲಿಲ್ಲ. ನೀವೂ ಮಾಡಬೇಡಿ. ಆ ನಂಬರ್ ಬ್ಯಾಂಕ್, ಜಿಎಸ್‌ಟಿ, ಆಧಾರ್, ಗ್ಯಾಸ್ ಯಾವುದಕ್ಕಾದರೂ ಜೋಡಿಸಿದೆಯಾ ನೋಡಿ. ಬಿಟ್ಟ ನಂಬರನ್ನು ಕಂಪನಿಗಳು ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತವೆ. ಆಮೇಲೆ ನಿಮ್ಮ ಓಟಿಪಿ ಅವರ ಫೋನಿಗೆ ಹೋಗುತ್ತದೆ. ಭಾವನ ಹಳೆಯ ಬ್ಯಾಂಕ್ ಚಾಲ್ತಿ ಖಾತೆಗೆ ಅದೇ ನಂಬರ್ ಇತ್ತು. ಬ್ಯಾಂಕಿಗೆ ಹೋಗಿ ಬದಲಾಯಿಸಿ, ಒಂದು ತಿಂಗಳು ಕಾದು ನೋಡಿ, ಆಮೇಲೆ ಬಿಟ್ಟೆವು.

2. ನಂಬರ್ ಯಾರ ಹೆಸರಿನಲ್ಲಿದೆ?

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ದರಕ್ಕಿಂತ ಇದು ಮುಖ್ಯ ಅಂತ ನನ್ನ ಅನಿಸಿಕೆ.

ಎರಡು ವರ್ಷದ ಹಿಂದೆ ಭಾವನ ಅಂಗಡಿಯಿಂದ ಆರ್ಡರ್ ತರುತ್ತಿದ್ದ ಹುಡುಗ ಕೆಲಸ ಬಿಟ್ಟ. ಸಿಮ್ ಅವನ ಆಧಾರ್ ಮೇಲೇ ತೆಗೆದದ್ದು. ರೀಚಾರ್ಜ್ ಮಾತ್ರ ಅಂಗಡಿಯದು. ಅವನು ನಂಬರ್ ತೆಗೆದುಕೊಂಡೇ ಹೋದ. ಅವನ ತಪ್ಪೇನೂ ಇಲ್ಲ, ಕಾನೂನಿನ ಪ್ರಕಾರ ಅದು ಅವನದೇ. ಆದರೆ ನಾಲ್ಕು ವರ್ಷದಿಂದ ಹಳ್ಳಿಹಳ್ಳಿಯ ತೋಟದವರ ಫೋನಿನಲ್ಲಿ 'ಪಂಪಿನ ಅಂಗಡಿ' ಅಂತ ಸೇವ್ ಆಗಿದ್ದದ್ದು ಅದೇ ನಂಬರ್. ಬೇಸಿಗೆಯಲ್ಲಿ ಪಂಪ್ ಕೆಟ್ಟವರೆಲ್ಲ ಅದಕ್ಕೇ ಫೋನ್ ಮಾಡಿದರು. ಅವನು ಅಷ್ಟೊತ್ತಿಗೆ ಬೇರೆ ಅಂಗಡಿ ಸೇರಿದ್ದ.

ಹಾಗಾಗಿ ಗಿರಾಕಿಗಳಿಗೆ ಕೊಟ್ಟ ಪ್ರತಿ ನಂಬರೂ ಮಾಲೀಕರ ಅಥವಾ ವ್ಯಾಪಾರದ ಹೆಸರಿನಲ್ಲಿರಬೇಕು. ಒಬ್ಬರ ಹೆಸರಿನಲ್ಲಿ ಹೆಚ್ಚೆಂದರೆ 9 ಸಿಮ್ ಇರಬಹುದು. ಜಮ್ಮು-ಕಾಶ್ಮೀರ, ಅಸ್ಸಾಂ, ಈಶಾನ್ಯ ರಾಜ್ಯಗಳಲ್ಲಿ 6. ಮನೆಯವರಿಗೆ ನಿಮ್ಮ ಹೆಸರಿನಲ್ಲಿ ತೆಗೆದ ಸಿಮ್ಮುಗಳೂ ಇದರಲ್ಲೇ ಸೇರುತ್ತವೆ. ನಿಮ್ಮ ಹೆಸರಿನಲ್ಲಿ ಯಾವ ಯಾವ ನಂಬರ್ ಇದೆ ಅಂತ ದೂರಸಂಪರ್ಕ ಇಲಾಖೆಯ 'ಸಂಚಾರ್ ಸಾಥಿ' ಪೋರ್ಟಲ್‌ನಲ್ಲಿ ಓಟಿಪಿ ಹಾಕಿ ನೋಡಬಹುದು. ಗುರುತೇ ಇಲ್ಲದ ನಂಬರ್ ಕಂಡರೆ 'ಇದು ನನ್ನದಲ್ಲ' ಅಂತ ಅಲ್ಲೇ ತಿಳಿಸಬಹುದು.

9ಕ್ಕಿಂತ ಜಾಸ್ತಿ ಲೈನ್ ಬೇಕಾದರೆ ವ್ಯಾಪಾರದ ಹೆಸರಿನಲ್ಲೇ ಬಿಸಿನೆಸ್ ಕನೆಕ್ಷನ್ ತೆಗೆದುಕೊಳ್ಳಬೇಕು. ಅಂಗಡಿಯ ದಾಖಲೆ ಕೊಡಬೇಕು. 2023ರ ಡಿಸೆಂಬರ್‌ನಿಂದ ಬಂದ ನಿಯಮದಂತೆ ಸಿಮ್ ಬಳಸುವ ಪ್ರತಿಯೊಬ್ಬರ ಕೆವೈಸಿಯೂ (ಗುರುತಿನ ಪರಿಶೀಲನೆ) ಆಗಬೇಕು. ಹುಡುಗರಿಗೆ ಮೊದಲೇ ಹೇಳಿಡಿ, ಆಧಾರ್ ತರಲು.

ಕೆಲಸದವರ ಹೆಸರಿನಲ್ಲಿರುವ ನಂಬರನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬಹುದು. ಅವರ ಒಪ್ಪಿಗೆ ಬೇಕು. ಅವರು ನಿಮ್ಮ ಹತ್ತಿರ ಕೆಲಸದಲ್ಲಿ ಇರುವಾಗಲೇ, ಸಂಬಂಧ ಚೆನ್ನಾಗಿರುವಾಗಲೇ ಮಾಡಿಸಿ. ಹೆಸರು ಬದಲಾದ ಮೇಲೆಯೇ, ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಾಯಿಸುವ ಪೋರ್ಟ್‌ಗೆ ಕೈಹಾಕಿ. ಹೆಸರು ಬದಲಾವಣೆ ನಡೆಯುತ್ತಿರುವಾಗ ಪೋರ್ಟ್ ಕೇಳಿದರೆ ತಿರಸ್ಕಾರ ಆಗುತ್ತದೆ.

3. ಸಿಗ್ನಲ್ ನೋಡದೆ ದರ ನೋಡಬೇಡಿ

ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ನೆಟ್‌ವರ್ಕ್ ನಕ್ಷೆ ಹಾಕಿವೆ. ಮೊದಲ ನೋಟಕ್ಕೆ ಅದು ಸಾಕು. ಆದರೆ ನಿಮ್ಮ ಗಾಡಿ ಹೋಗುವ ದಾರಿಯಲ್ಲಿ ಪರೀಕ್ಷೆ ಮಾಡದೆ ನಿರ್ಧಾರ ಬೇಡ. ನಾವು ಹೀಗೆ ಮಾಡಿದೆವು: ಬೇರೆ ಬೇರೆ ಕಂಪನಿಯ ಸಿಮ್ ಇರುವ ಎರಡು ಫೋನುಗಳನ್ನು ಒಂದು ವಾರ ಡೆಲಿವರಿ ಗಾಡಿಯಲ್ಲಿ ಕಳಿಸಿದೆವು. ಎಲ್ಲಿ ಕರೆ ಕಡಿಯುತ್ತದೆ ಅಂತ ಹುಡುಗರೇ ಬರೆದುಕೊಂಡರು. ಕುಮಟಾ ಕಡೆ ದೇವಿಮನೆ ಘಟ್ಟ ಇಳಿಯುವಾಗ ಒಂದು, ಸಿದ್ದಾಪುರದ ಕಡೆ ಒಳಗಿನ ತೋಟಗಳಲ್ಲಿ ಇನ್ನೊಂದು. ತಿಂಗಳಿಗೆ ಐವತ್ತು ರೂಪಾಯಿ ಉಳಿಸಲು ಹೋಗಿ ಹುಡುಗ ಮಧ್ಯಾಹ್ನ ಪೂರ್ತಿ ಫೋನಿಗೇ ಸಿಗದಿದ್ದರೆ ಏನು ಲಾಭ, ಅಲ್ವಾ?

ಇನ್ನೊಂದು ಮಾತು. ಎಲ್ಲ ಲೈನ್ ಒಂದೇ ಕಂಪನಿಯಲ್ಲಿ ಇಡಬೇಡಿ. ಮಳೆಗಾಲದಲ್ಲಿ ಒಂದು ಟವರ್ ಹೋದರೆ ಇಡೀ ಅಂಗಡಿ ಮೂಕ. ಒಂದಾದರೂ ನಂಬರ್ ಬೇರೆ ಕಂಪನಿಯದ್ದಾಗಿರಲಿ.

4. ವರ್ಷದ ಲೆಕ್ಕ ಹಾಕಿ

ಪ್ಯಾಕ್‌ನ ಮೇಲಿನ ದರ ತಿಂಗಳದ್ದಲ್ಲ. 28 ದಿನದ ಪ್ಯಾಕ್ ಹಾಕುವವರು ವರ್ಷಕ್ಕೆ 12 ಅಲ್ಲ, 13 ಸಲ ರೀಚಾರ್ಜ್ ಮಾಡುತ್ತಾರೆ. ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಯಾಕ್ ಒಂದಾದರೂ ಇರಬೇಕು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2022ರಲ್ಲೇ ಹೇಳಿದೆ. ಕೇಳಿದರೆ ಸಿಗುತ್ತದೆ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಉದಾಹರಣೆಗೆ 28 ದಿನಕ್ಕೆ 299 ರೂಪಾಯಿ ಅಂತ ಇಟ್ಟುಕೊಳ್ಳಿ. 13 ಸಲಕ್ಕೆ 3,887 ರೂಪಾಯಿ. ಏಳು ಸಿಮ್ಮಿಗೆ 27,209.

ಈಗ ಬರೀ ಕರೆಗೆ ಬೇಕಾದ ನಂಬರ್ ನೋಡೋಣ. ಡೇಟಾ ಇಲ್ಲದ, ಕರೆ ಮತ್ತು ಎಸ್ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ತಂದಿತು. ಮುಂದಿನ ತಿಂಗಳೇ ಕಂಪನಿಗಳು ಇಂಥ ಪ್ಯಾಕ್ ಬಿಟ್ಟವು. ಆಗ ಏರ್‌ಟೆಲ್‌ನಲ್ಲಿ 365 ದಿನಕ್ಕೆ 1,849 ರೂಪಾಯಿ, ಜಿಯೋದಲ್ಲಿ 336 ದಿನಕ್ಕೆ 1,748 ಇತ್ತು. ಕೌಂಟರ್ ಮತ್ತು ಗೋಡೌನಿಗೆ 1,849ರಂತೆ ಹಾಕಿದರೆ ಎರಡಕ್ಕೂ ಸೇರಿ 3,698. ವರ್ಷ ಪೂರ್ತಿ ಆ ಕಡೆ ತಲೆ ಹಾಕುವ ಕೆಲಸವಿಲ್ಲ.

ಡ್ರಾಯರಿನ ಏಳನೆಯದನ್ನು ಬಿಟ್ಟಾಯಿತು. ಉಳಿದದ್ದು ನಾಲ್ಕು ಲೈನ್. ಇವಕ್ಕೆ ಪೋಸ್ಟ್‌ಪೇಯ್ಡ್ ನೋಡಿ. ಒಂದು ಮುಖ್ಯ ಲೈನ್, ಅದಕ್ಕೆ ಸೇರಿಸುವ ಉಳಿದ ಲೈನ್‌ಗಳಿಗೆ ಕಡಿಮೆ ದರ ಇರುವ ಪ್ಲಾನ್‌ಗಳಿವೆ. ಮುಖ್ಯ ಲೈನಿಗೆ 449, ಸೇರಿಸಿದ ಒಂದೊಂದಕ್ಕೆ 150 ಅಂತ ಹಿಡಿದರೆ ನಾಲ್ಕಕ್ಕೆ ತಿಂಗಳಿಗೆ 899. ಇಲ್ಲಿ ಎಚ್ಚರ ಬೇಕು. ಪ್ರೀಪೇಯ್ಡ್ ದರದಲ್ಲಿ ತೆರಿಗೆ ಸೇರಿರುತ್ತದೆ, ಪೋಸ್ಟ್‌ಪೇಯ್ಡ್ ದರಕ್ಕೆ ಶೇ 18 ಜಿಎಸ್‌ಟಿ ಬೇರೆ. ಅದನ್ನೂ ಸೇರಿಸಿದರೆ ವರ್ಷಕ್ಕೆ ಸುಮಾರು 12,730.

ಎಲ್ಲ ಕೂಡಿದರೆ 16,428. ಮೊದಲು 27,209 ಇತ್ತು. ಹತ್ತು ಸಾವಿರದ ಏಳುನೂರಕ್ಕಿಂತ ಹೆಚ್ಚು ಉಳಿತಾಯ. ಸಣ್ಣ ಅಂಗಡಿಗೆ ಇದು ಸಣ್ಣ ದುಡ್ಡಲ್ಲ. ದರಗಳು ಬದಲಾಗುತ್ತಲೇ ಇರುತ್ತವೆ, ಆದ್ದರಿಂದ ಇವತ್ತಿನ ದರ ಹಾಕಿ ಇದೇ ಲೆಕ್ಕ ಮಾಡಿ. ಎಲ್ಲ ಕಂಪನಿಗಳ ದರವೂ ಟ್ರಾಯ್‌ನ ಟ್ಯಾರಿಫ್ ಪೋರ್ಟಲ್‌ನಲ್ಲಿ ಒಂದೇ ಕಡೆ ಸಿಗುತ್ತದೆ.

ನೀವು ಜಿಎಸ್‌ಟಿ ರೆಗ್ಯುಲರ್ ಸ್ಕೀಮಿನಲ್ಲಿದ್ದರೆ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿ. ವ್ಯಾಪಾರಕ್ಕೆ ಬಳಸಿದ ಲೈನ್‌ಗಳ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟನ್ನು ಕಳೆದುಕೊಳ್ಳಬಹುದು. ಮೇಲಿನ ಲೆಕ್ಕದ ನಾಲ್ಕು ಪೋಸ್ಟ್‌ಪೇಯ್ಡ್ ಲೈನ್‌ಗಳಿಗೆ ಅದು ವರ್ಷಕ್ಕೆ 1,942 ರೂಪಾಯಿ. ಕಾಂಪೊಸಿಷನ್‌ನಲ್ಲಿ (ವಹಿವಾಟಿನ ಮೇಲೆ ಒಂದೇ ದರದ ತೆರಿಗೆ ಕಟ್ಟುವ ಸ್ಕೀಮ್) ಇರುವವರಿಗೆ ಇದು ಸಿಗುವುದಿಲ್ಲ.

5. ಸಹಿ ಹಾಕುವ ಮೊದಲು ಕೇಳಿ

ಪೋಸ್ಟ್‌ಪೇಯ್ಡ್‌ನಲ್ಲಿ ಕೆಲವು ಪ್ಲಾನ್‌ಗಳ ಡೇಟಾ ಹಂಚಿಕೆಯದು. ಒಬ್ಬ ಹುಡುಗ ರಾತ್ರಿ ಕ್ರಿಕೆಟ್ ನೋಡಿ ಮುಗಿಸಿದರೆ ಉಳಿದವರಿಗೆ ಇಲ್ಲ. ಮುಗಿದ ಮೇಲೆ ಸ್ಪೀಡ್ ಇಳಿಯುತ್ತದಾ, ಜಿಬಿಗೆ ಇಷ್ಟು ಅಂತ ಬಿಲ್ ಏರುತ್ತದಾ? ಒಂದೊಂದು ಲೈನಿಗೆ ಮಿತಿ ಹಾಕಬಹುದಾ? ಡೆಪಾಸಿಟ್ ಇದೆಯಾ, ಬಿಡುವಾಗ ವಾಪಸ್ ಬರುತ್ತದಾ? ನಡುವೆ ಒಂದು ಲೈನ್ ಮಾತ್ರ ತೆಗೆಯಬಹುದಾ? ಉತ್ತರಗಳನ್ನು ವಾಟ್ಸ್ಆ್ಯಪ್‌ನಲ್ಲೋ ಮೇಲ್‌ನಲ್ಲೋ ಬರೆದು ಕಳಿಸಲು ಹೇಳಿ. ಬಾಯಿಮಾತು ಸಾಕಾಗುವುದಿಲ್ಲ.

'ಸುಮ್ನೆ ತಗೊಳ್ಳಿ ಸಾರ್, ಓಟಿಟಿ ಫ್ರೀ' ಅಂದರೆ ಆ ಪ್ಲಾನ್‌ನ ಕೆಳಗಿನ ಪ್ಲಾನ್ ಯಾವುದು ಅಂತ ಕೇಳಿ. ಗೋಡೌನಿಗೆ ಸಿನಿಮಾ ಬೇಡ.

6. ಪೋರ್ಟ್ ಮಾಡುವಾಗ

ಅದೇ ಕಂಪನಿಯಲ್ಲಿ ಪ್ರೀಪೇಯ್ಡ್‌ನಿಂದ ಪೋಸ್ಟ್‌ಪೇಯ್ಡ್‌ಗೆ ಹೋಗಲು ಪೋರ್ಟ್ ಬೇಡ. ಕಂಪನಿ ಬದಲಾಯಿಸುವುದಾದರೆ ಈಗಿನ ಕಂಪನಿಯಲ್ಲಿ ನಂಬರ್ ಕನಿಷ್ಠ 90 ದಿನ ಇದ್ದಿರಬೇಕು. ಪೋಸ್ಟ್‌ಪೇಯ್ಡ್ ಆದರೆ ಬಾಕಿ ಕಟ್ಟಿರಬೇಕು. ಇತ್ತೀಚೆಗೆ ಸಿಮ್ ಕಳೆದು ಬದಲಿ ತೆಗೆದುಕೊಂಡಿದ್ದರೆ 7 ದಿನ ಕಾಯಬೇಕು. ಈ ನಿಯಮ 2024ರ ಜುಲೈ 1ರಿಂದ ಇದೆ.

ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ನಿಮ್ಮ 10 ಅಂಕಿಯ ನಂಬರ್ ಹಾಕಿ 1900ಕ್ಕೆ ಎಸ್ಎಂಎಸ್ ಕಳಿಸಿ. ಒಂದು ಕೋಡ್ ಬರುತ್ತದೆ. ಕರ್ನಾಟಕದಲ್ಲಿ ಅದಕ್ಕೆ 4 ದಿನ ಆಯಸ್ಸು. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಹೋಗಿ. ವೈಯಕ್ತಿಕ ಹೆಸರಿನ ನಂಬರ್ ರಾಜ್ಯದೊಳಗೆ 3 ಕೆಲಸದ ದಿನದಲ್ಲಿ ಬದಲಾಗುತ್ತದೆ, ಸಂಸ್ಥೆಯ ಹೆಸರಿನದಕ್ಕೆ 5. ಹಳೆಯ ಪ್ಯಾಕ್‌ನಲ್ಲಿ ಉಳಿದ ದಿನ, ಬ್ಯಾಲೆನ್ಸ್ ಹೊಸ ಕಂಪನಿಗೆ ಬರುವುದಿಲ್ಲ. ಆದ್ದರಿಂದ ಪ್ಯಾಕ್ ಮುಗಿಯಲು ಒಂದು ವಾರ ಇರುವಾಗ ಶುರುಮಾಡಿ.

ಎಲ್ಲ ನಂಬರ್ ಒಂದೇ ದಿನ ಕೊಡಬೇಡಿ. ಮೊದಲು ಡೆಲಿವರಿ ಹುಡುಗರದ್ದು. ಅದು ಸರಿಯಾಗಿ ನಡೆದ ಮೇಲೆ ಉಳಿದದ್ದು. ಬ್ಯಾಂಕ್ ಮತ್ತು ಜಿಎಸ್‌ಟಿ ಓಟಿಪಿ ಬರುವ ನಂಬರ್ ಎಲ್ಲಕ್ಕಿಂತ ಕೊನೆಗೆ. ರಿಟರ್ನ್ ಹಾಕುವ 20ನೇ ತಾರೀಖಿನ ಆಸುಪಾಸಿನಲ್ಲಂತೂ ಅದನ್ನು ಮುಟ್ಟಬೇಡಿ.

ಮೊದಲ ಬಿಲ್ ಬಂದಾಗ ಕೂತು ಓದಿ. ಬಿಲ್ ತಿಂಗಳ ನಡುವೆ ಸೇರಿದ್ದರೆ ಆ ಬಿಡಿ ದಿನಗಳ ಬಾಡಿಗೆಯೂ ಅದರಲ್ಲಿ ಸೇರಿರಬಹುದು. ನೀವು ಕೇಳದ ಸೇವೆಗೆ ದುಡ್ಡು ಹಿಡಿದಿದ್ದರೆ ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಬರೆದುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಅದೇ ನಂಬರ್ ಹಿಡಿದು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದಕ್ಕೆ ಶುಲ್ಕ ಇಲ್ಲ.

ಭಾವನ ಅಂಗಡಿಯಲ್ಲಿ ರಟ್ಟು ಈಗಲೂ ಇದೆ, ಹೊಸದು. ಕೌಂಟರ್, ಗೋಡೌನ್ ಎರಡರ ಮುಂದೆ ಮುಂದಿನ ವರ್ಷದ ತಾರೀಖು. ಉಳಿದ ನಾಲ್ಕರ ಮುಂದೆ ಬಿಲ್ ಕಟ್ಟುವ ಒಂದೇ ದಿನ. ಆರೂ ನಂಬರಿನ ಪಕ್ಕ ಯಾರ ಹೆಸರಿನಲ್ಲಿದೆ ಅಂತ ಅಕ್ಕ ನೀಲಿ ಪೆನ್ನಿನಲ್ಲಿ ಬರೆದಿದ್ದಾಳೆ.