ಬಚ್ಚಲಿನ ಹೊರಗೋಡೆ ಬೆವರದಂತೆ ಒಳಹೊದಿಕೆ

ಮಡಿಕೇರಿ, ಭಾಗಮಂಡಲದ ಕಡೆ ಬಚ್ಚಲಿನ ಪಡುವಣ ಗೋಡೆ ಒದ್ದೆಯಾಗಿದ್ದರೆ, ಅದು ಮಳೆನೀರೋ ಹಬೆಯೋ ಎಂದು ಮೊದಲು ತಿಳಿಯಬೇಕು. ಗೋಡೆ ಒರೆಸಿ, ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಒತ್ತಿ ಎರಡು ದಿನ ಬಿಡಿ. ಹಾಳೆಯ ಹಿಂದೆ ನೀರಿದ್ದರೆ ಸೋರಿಕೆ, ಮೇಲೆ ಹನಿಯಿದ್ದರೆ ಹಬೆ. ಸೋರುವ ಗೋಡೆಗೆ ಒಳಹೊದಿಕೆ, ಅಂದರೆ ಗೋಡೆಯನ್ನು ಬೆಚ್ಚಗಿಡುವ ಫೋಮ್ ಹಲಗೆಯ ಪದರ, ಹಾಕಲೇಬೇಡಿ. ಒಣಗುವ ದಾರಿ ಮುಚ್ಚಿ ಗಾರೆ ಹಾಳಾಗುತ್ತದೆ. ಮೊದಲು ಹೊರಗಿನ ಬಿರುಕು ಮುಚ್ಚಿಸಿ, ಇಲ್ಲವೇ ರೀಪಿನ ಮೇಲೆ ಶೀಟು ಹೊಡೆಸಿ.

25 ಡಿಗ್ರಿಯ, ಶೇ. 80 ತೇವದ ಗಾಳಿ ಸುಮಾರು 21 ಡಿಗ್ರಿಯ ಗೋಡೆ ತಾಗಿದರೂ ನೀರಾಗುತ್ತದೆ. ಸ್ನಾನದ ಹಬೆ ಇದಕ್ಕಿಂತ ಹೆಚ್ಚು. ಹಾಗಾಗಿ ಗೋಡೆಯ ಒಳಮೈಯನ್ನು ಬೆಚ್ಚಗಿಡುವುದೇ ಕೆಲಸ.

ಕಾಫಿ ಕೊಯ್ಲು ಮುಗಿದು ಹೂಮಳೆ ಬೀಳುವ ಮೊದಲು, ಗೋಡೆ ಒಣಗಿರುವಾಗ ಶುರುಮಾಡಿ. 8x8 ಅಡಿ ಗೋಡೆಗೆ (ಮೂಲೆ ದಾಟಿಸುವ ಭಾಗ ಬಿಟ್ಟು) 25 ಮಿ.ಮೀ. ದಪ್ಪದ, 1250x600 ಮಿ.ಮೀ. ಅಳತೆಯ 9 ಎಕ್ಸ್‌ಪಿಎಸ್ ಹಲಗೆ (ಥರ್ಮೊಕೋಲ್ ಜಾತಿಯ ಗಟ್ಟಿ ಫೋಮ್), ಸಿಮೆಂಟ್ ಆಧಾರದ ಅಂಟು 20 ಕೆ.ಜಿ.ಯ 3 ಚೀಲ, ಫೈಬರ್ ಜಾಲರಿ ಬೇಕು. ಸಾಲ್ವೆಂಟ್ (ಥಿನ್ನರ್‌ನಂಥ ದ್ರವ) ಇರುವ ಅಂಟು ಹಲಗೆಯನ್ನೇ ಕರಗಿಸುತ್ತದೆ.

ಸಡಿಲ ಬಣ್ಣ ಕೆರೆದು, ಬೂಷ್ಟನ್ನು ಬ್ಲೀಚಿಂಗ್ ದ್ರಾವಣದಿಂದ ತೊಳೆದು ಒಣಗಿಸಿ. ಅದಕ್ಕೆ ಟಾಯ್ಲೆಟ್ ಆಸಿಡ್ ಬೆರೆಸಬಾರದು, ವಿಷಾನಿಲ ಏಳುತ್ತದೆ. ಹಲಗೆಯ ಎರಡೂ ಮೈ ಉಜ್ಜಿ ಒರಟಾಗಿಸಿ, ಅಂಚಿಗೆ ಹಲ್ಲುಗಳಿರುವ ಕರಣೆಯಿಂದ ಪೂರ್ತಿ ಅಂಟು ಹಚ್ಚಿ ಗೋಡೆಗೆ ಒತ್ತಿ. ಬಹಳಷ್ಟು ಕೆಲಸ ಕೆಡುವುದು ಇಲ್ಲೇ: ಅಲ್ಲಲ್ಲಿ ಮುದ್ದೆ ಇಟ್ಟು ಅಂಟಿಸಿದರೆ ಹಿಂದೆ ಪೊಳ್ಳು ಉಳಿದು, ಅಲ್ಲಿ ಹಬೆ ಸೇರಿ, ಕಣ್ಣಿಗೆ ಕಾಣದಂತೆ ಬೂಷ್ಟು ಬೆಳೆಯುತ್ತದೆ. ಸಂದುಗಳಿಗೆ ಪಿಯು ಫೋಮ್ (ಡಬ್ಬಿಯಿಂದ ಬಂದು ಉಬ್ಬಿ ಗಟ್ಟಿಯಾಗುವ ನೊರೆ) ತುಂಬಿ. ಮರುದಿನ ಪ್ರತಿ ಹಲಗೆಗೆ 5 ವಾಷರ್ ಆ್ಯಂಕರ್ (ಹಲಗೆಯನ್ನು ಗೋಡೆಗೆ ಬಿಗಿಯುವ ಅಗಲ ತಲೆಯ ಮೊಳೆ) ಹೊಡೆದು, ಅಂಟಿನಲ್ಲಿ ಜಾಲರಿ ಹೂತು ಗಿಲಾವು ಮಾಡಿ. ನೀರು ಚಿಮ್ಮುವಲ್ಲಿ ಎರಡು ಕೋಟ್ ವಾಟರ್‌ಪ್ರೂಫಿಂಗ್ ಆದಮೇಲೆ ಟೈಲ್.

ಹಲಗೆಯನ್ನು ಮೂಲೆಯಲ್ಲೇ ನಿಲ್ಲಿಸದೆ ಪಕ್ಕದ ಗೋಡೆಗೂ ಛಾವಣಿಗೂ ಒಂದಡಿ ಮುಂದುವರಿಸಿ. ಇಲ್ಲದಿದ್ದರೆ ಕಪ್ಪುಕಲೆ ಅಲ್ಲಿಗೆ ಸರಿಯುತ್ತದೆ ಅಷ್ಟೆ. ವೆಂಟಿಲೇಟರಿನ ಅಂಚಿಗೂ 10 ಮಿ.ಮೀ. ದಪ್ಪದ ಹಲಗೆಯಾದರೂ ಇರಲಿ. ವೈರುಗಳು ಪೈಪಿನೊಳಗೇ ಹೋಗಬೇಕು. ಹಲಗೆಗೆ ತಾಗಿದ ಪಿವಿಸಿ ಕವಚ ಕಾಲಕ್ರಮೇಣ ಪೆಡಸಾಗುತ್ತದೆ. ಗೀಸರ್ ಭಾರ ಇಟ್ಟಿಗೆಗೋ ಬ್ಲಾಕಿಗೋ ಬೀಳುವಂತೆ ಉದ್ದ ಬೋಲ್ಟ್ ಹಾಕಿಸಿ. ಹಂಡೆ ಒಲೆಯ ಗೋಡೆಗೆ ಮಾತ್ರ ಈ ಹಲಗೆ ಬೇಡವೇ ಬೇಡ, ಬೆಂಕಿ ಹಿಡಿಯುತ್ತದೆ.

ಹೊದಿಕೆ ಹಾಕಿದರೂ ಹಬೆ ಹೊರಹೋಗಲೇಬೇಕು. 6 ಇಂಚಿನ ಎಗ್ಸಾಸ್ಟ್ ಫ್ಯಾನ್ ಹಾಕಿ, ಗಾಳಿ ಒಳಬರಲು ಬಾಗಿಲಡಿ 20 ಮಿ.ಮೀ. ಸಂದು ಬಿಟ್ಟು, ಸ್ನಾನದ ನಂತರ 20 ನಿಮಿಷ ಓಡಿಸಿ. ಜಡಿಮಳೆಯಲ್ಲೂ ಇದು ಕೆಲಸ ಮಾಡುತ್ತದೆ, ಏಕೆಂದರೆ ಹೊರಗಿನ ತಣ್ಣನೆ ಗಾಳಿಯಲ್ಲಿ ನೀರಾವಿ ಸ್ನಾನದ ಹಬೆಗಿಂತ ಕಡಿಮೆ.