ನಗಿಸಿದವರ ನೆನಪನ್ನು ಬರೆದಿಡುವ ಬಗೆ

ಧಾರಾವಾಹಿಯೊಂದು ಮುಗಿದು ಹದಿನೈದಿಪ್ಪತ್ತು ವರ್ಷ ಕಳೆದ ಮೇಲೆ ಅದರ ಕಥೆ ಕೇಳಿದರೆ ನಮ್ಮ ಮನೆಗಳಲ್ಲಿ ಯಾರೂ ನೆಟ್ಟಗೆ ಹೇಳಲಾರರು. ಆದರೆ ‘ಆ ಡಾಕ್ಟರ್ ಇದ್ದನಲ್ಲಾ’ ಎಂದು ಒಬ್ಬರು ಮಾತು ತೆಗೆದರೆ ಸಾಕು, ಪಡಸಾಲೆಯಲ್ಲಿ ಕುಳಿತ ಐದಾರು ಮಂದಿಗೂ ಒಂದು ದನಿ, ಒಂದು ನಡಿಗೆ, ಕನ್ನಡಕದ ಮೇಲಿನಿಂದ ನೋಡುವ ಒಂದು ನೋಟ ನೆನಪಾಗುತ್ತದೆ. ಅಂಥ ನೆನಪುಗಳನ್ನು ಬರೆದಿಡಲು ಹೊರಟವರಿಗಾಗಿ, ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯಲ್ಲಿ ಎರಡು ಬೇಸಿಗೆ ರಜೆಗಳಲ್ಲಿ ಈ ಕೆಲಸ ಮಾಡಿ, ಹಲವು ಸಲ ತಪ್ಪಿ, ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಎಲ್ಲ ಧಾರಾವಾಹಿಗಳಿಗೂ ಇದು ಅನ್ವಯಿಸುವುದಿಲ್ಲ. ಧಾರಾವಾಹಿಯೆಂಬ ಪ್ರಕಾರವನ್ನೇ ಅಣಕಿಸುತ್ತ, ಎಲ್ಲರೂ ಹೋಗುವ ದಾರಿಯನ್ನು ಬಿಟ್ಟು ನಡೆದ ಧಾರಾವಾಹಿಗಳ ಕಲಾವಿದರ ಬಗ್ಗೆ ಮಾತ್ರ ನನ್ನ ಮಾತು.

ಮೊದಲು ಆ ಜಾತಿಯ ಧಾರಾವಾಹಿ ಎಂದರೆ ಏನೆಂಬುದನ್ನು ಖಚಿತ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಬರಹ ಬರೀ ‘ತುಂಬಾ ನಗಿಸುತ್ತಿದ್ದರು’ ಎಂಬಲ್ಲಿಗೆ ನಿಂತುಬಿಡುತ್ತದೆ. ಅಮೆರಿಕದಲ್ಲಿ ಸಾಬೂನು ಕಂಪನಿಗಳು ಪ್ರಾಯೋಜಿಸುತ್ತಿದ್ದ ಕಣ್ಣೀರಿನ ರೇಡಿಯೊ ಧಾರಾವಾಹಿಗಳಿಗೆ ‘ಸೋಪ್ ಆಪೆರಾ’ ಎಂಬ ಹೆಸರು ಬಿದ್ದಿತ್ತು. ಆ ಹೆಸರಿನ ಮೊದಲ ತುಂಡನ್ನೇ ಇಟ್ಟುಕೊಂಡು ಸೂಸನ್ ಹ್ಯಾರಿಸ್ ಅವರು ರೂಪಿಸಿದ ‘ಸೋಪ್’ ಎಬಿಸಿ ವಾಹಿನಿಯಲ್ಲಿ 1977ರ ಸೆಪ್ಟೆಂಬರಿನಿಂದ 1981ರ ಏಪ್ರಿಲಿನವರೆಗೆ ನಡೆಯಿತು. ಜೆಸಿಕಾ ಟೇಟ್ ಮತ್ತು ಮೇರಿ ಕ್ಯಾಂಪ್‌ಬೆಲ್ ಎಂಬ ಅಕ್ಕತಂಗಿಯರ ಎರಡು ಮನೆಗಳ ಕಥೆಯದು. ಕೊಲೆ, ಮರೆವು, ಅಪಹರಣ, ದೆವ್ವ ಹಿಡಿದ ಕೂಸು, ಅನ್ಯಗ್ರಹದವರು ಹೊತ್ತೊಯ್ದ ಗಂಡ, ಹೀಗೆ ಧಾರಾವಾಹಿಗಳು ಗಂಭೀರವಾಗಿ ಮಾಡುತ್ತಿದ್ದ ಎಲ್ಲವನ್ನೂ ಅದು ಮಿತಿಮೀರಿ ಮಾಡಿತು. ಪ್ರತಿ ಕಂತಿನ ಆರಂಭದಲ್ಲಿ ನಿರೂಪಕ ರಾಡ್ ರಾಡಿಯ ದನಿ ಹಿಂದಿನ ಕಥೆಯನ್ನು ಹೇಳಿ, ಗೊಂದಲವಾಯಿತೇ ಎಂದು ನೋಡುಗರನ್ನೇ ಕೇಳುತ್ತಿತ್ತು. ದೊಡ್ಡಾಟದಲ್ಲಿ ಬಂದ ಪಾತ್ರವನ್ನೆಲ್ಲ ತಡೆದು ನಿಲ್ಲಿಸಿ ಪ್ರಶ್ನಿಸುವ ಸಾರಥಿಯನ್ನು ನೋಡಿ ಬೆಳೆದ ನಮ್ಮ ಕಡೆಯವರಿಗೆ ಈ ತಂತ್ರ ಹೊಸದೆನಿಸುವುದಿಲ್ಲ. ಅಮೆರಿಕದಲ್ಲಿರುವ ತಂಗಿ ಡಿವಿಡಿ ತಂದು ತೋರಿಸಿದಾಗ ನಮ್ಮ ಕಾಕಾ ಅರ್ಧ ಇಂಗ್ಲಿಷ್ ಬಿಟ್ಟುಹೋದರೂ ‘ಇಂವಾ ನಮ್ಮ ಸಾರಥಿನೇ ಅಲ್ಲೇನು’ ಎಂದಿದ್ದರು. ಕನ್ನಡದಲ್ಲಿ ಇಂಥ ಹದಕ್ಕೆ ಹತ್ತಿರ ಬಂದವು ಈಟಿವಿ ಕನ್ನಡದ ‘ಪಾಪ ಪಾಂಡು’ ಮತ್ತು ‘ಸಿಲ್ಲಿ ಲಲ್ಲಿ’. ಉಳಿದ ಧಾರಾವಾಹಿಗಳಲ್ಲಿ ಸೊಸೆ ಅಳುತ್ತಿದ್ದ ಕಾಲದಲ್ಲಿ ‘ಪಾಪ ಪಾಂಡು’ವಿನಲ್ಲಿ ಗಂಡ ಏಟು ತಿಂದು ಅಳುತ್ತಿದ್ದ, ‘ಸಿಲ್ಲಿ ಲಲ್ಲಿ’ಯಲ್ಲಿ ವೈದ್ಯವೃತ್ತಿಯ ಗತ್ತು ಮತ್ತು ಸಮಾಜಸೇವೆಯ ಆಡಂಬರ ಎರಡೂ ಒಂದೇ ಸೂರಿನಡಿ ಸಂಸಾರ ಹೂಡಿದ್ದವು.

ಬರೆಯಲು ಕುಳಿತ ದಿನ ಯೂಟ್ಯೂಬ್ ತೆರೆಯಬಾರದು ಎಂಬುದು ನನ್ನ ಮೊದಲ ಮತ್ತು ಅತ್ಯಂತ ಕಟ್ಟುನಿಟ್ಟಾದ ಸೂಚನೆ. ಹಳೆಯ ಕಂತನ್ನು ಮತ್ತೊಮ್ಮೆ ನೋಡಿದ ಕ್ಷಣಕ್ಕೆ ಇಪ್ಪತ್ತು ವರ್ಷ ತಲೆಯಲ್ಲಿ ಬೆಳೆದ ಚಿತ್ರ ಅಳಿಸಿಹೋಗಿ ಪರದೆಯ ಚಿತ್ರ ಕುಳಿತುಬಿಡುತ್ತದೆ, ಮತ್ತೆ ಮೊದಲಿನದು ಸಿಗುವುದಿಲ್ಲ. ಹಾಳೆಯನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿ, ಎಡಕ್ಕೆ ಪರದೆಯ ಮೇಲೆ ಕಂಡದ್ದನ್ನು, ಬಲಕ್ಕೆ ಆ ಹೊತ್ತಿಗೆ ಮನೆಯಲ್ಲಿ ನಡೆಯುತ್ತಿದ್ದುದನ್ನು ಬರೆಯಬೇಕು. ನನ್ನ ಬಲಭಾಗದಲ್ಲಿ ರೊಟ್ಟಿ ಬಡಿಯುವ ಸದ್ದು, ಜಾಹೀರಾತು ಬಂದಾಗ ಮಾತ್ರ ಒಲೆಯತ್ತ ಓಡುತ್ತಿದ್ದ ಅತ್ತೆ, ಸಿಟ್ಟು ಬಂದರೂ ನಗು ತಡೆಯಲಾಗದೆ ಪತ್ರಿಕೆಯ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದ ಅಪ್ಪ, ಸರಿಯಾದ ಹೊತ್ತಿಗೆ ಹೋಗುತ್ತಿದ್ದ ಕರೆಂಟ್ ಇವೆಲ್ಲ ಬಂದವು. ಎಡಭಾಗ ಚಿಕ್ಕದಾಗಿತ್ತು. ಹಾಗಾದರೆ ಹೆದರಬೇಕಾಗಿಲ್ಲ, ಕಲಾವಿದರು ನಮ್ಮ ಮನೆಯೊಳಗೆ ಎಲ್ಲಿಯವರೆಗೆ ಬಂದಿದ್ದರು ಎಂಬುದನ್ನು ಬಲಭಾಗವೇ ತೋರಿಸುತ್ತದೆ.

ಎರಡನೆಯದಾಗಿ, ಇಡೀ ತಂಡವನ್ನು ಒಂದೇ ಬರಹದಲ್ಲಿ ಹಿಡಿಯಲು ಹೋಗದೆ ಒಬ್ಬ ಕಲಾವಿದರಿಂದ ಆರಂಭಿಸಬೇಕು, ಅದರಲ್ಲೂ ಅವರು ಪದೇ ಪದೇ ಮಾಡುತ್ತಿದ್ದ ಒಂದು ಸಣ್ಣ ಕ್ರಿಯೆಯಿಂದ. ‘ಸೋಪ್’ನಲ್ಲಿ ರಿಚರ್ಡ್ ಮಲಿಗನ್ ಮಾಡಿದ ಬರ್ಟ್ ಎಂಬ ಪಾತ್ರಕ್ಕೆ ತಾನು ಬೆರಳು ಚಿಟಿಕೆ ಹೊಡೆದರೆ ಕಣ್ಮರೆಯಾಗುತ್ತೇನೆ ಎಂಬ ಭ್ರಮೆ ಹಿಡಿಯುತ್ತದೆ. ಎಲ್ಲರಿಗೂ ಕಾಣುತ್ತ ನಿಂತಿದ್ದರೂ ಕಾಣದವನಂತೆ ಅವರು ನಡೆದಾಡುವ ರೀತಿಯನ್ನು ಬರೆದರೆ ‘ಅದ್ಭುತ ನಟ’ ಎಂದು ಹತ್ತು ಸಲ ಬರೆಯುವ ಅಗತ್ಯ ಬೀಳುವುದಿಲ್ಲ. ರಾಬರ್ಟ್ ಗಿಯೋಮ್ ಅವರ ಬೆನ್ಸನ್ ಆ ಶ್ರೀಮಂತರ ಮನೆಯ ಕೆಲಸದವನು. ಬಾಗಿಲ ಗಂಟೆ ಬಾರಿಸಿದಾಗ ತಾನೇ ಹೋಗಿ ತೆರೆಯಬೇಕೇ ಎಂದು ಯಜಮಾನರನ್ನು ಕೇಳುವ ಅವನ ಒಂದು ನೋಟದಲ್ಲಿ ಆ ಮನೆಯ ದೊಡ್ಡಸ್ತಿಕೆಯೆಲ್ಲ ಕುಸಿಯುತ್ತಿತ್ತು. ಆ ಪಾತ್ರ ಎಷ್ಟು ಬೆಳೆಯಿತೆಂದರೆ 1979ರಲ್ಲಿ ಅವನ ಹೆಸರಿನಲ್ಲೇ ಬೇರೊಂದು ಧಾರಾವಾಹಿ ಆರಂಭವಾಗಿ 1986ರವರೆಗೆ ನಡೆಯಿತು.

ಇಲ್ಲಿ ಒಂದು ಮಾತನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ವಿಡಂಬನೆಯ ನಟನೆಯನ್ನು ನೆನೆಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ನಗೆ ಬರಿಸಿದವರು ನಗುತ್ತಿದ್ದರೆಂದು ನಮ್ಮ ನೆನಪು ಸುಳ್ಳು ಹೇಳುತ್ತದೆ. ಕೂಡಿಸಿ ಯೋಚಿಸಿದರೆ, ಇಂಥ ಧಾರಾವಾಹಿಗಳಲ್ಲಿ ಬಹುಕಾಲ ನೆನಪಿನಲ್ಲಿ ಉಳಿದವರು ಒಮ್ಮೆಯೂ ನಗದೆ, ತಮ್ಮ ಪಾತ್ರದ ಸಂಕಟವನ್ನು ನಿಜವಾದ ಸಂಕಟವೆಂದೇ ನಂಬಿ ಅಭಿನಯಿಸಿದವರು. ಚಿದಾನಂದ ಅವರ ಪಾಂಡುವಿಗೆ ಅವನ ಕಷ್ಟ ತಮಾಷೆಯಾಗಿರಲಿಲ್ಲ. ಶಾಲಿನಿ ಅವರ ಶ್ರೀಮತಿಗೆ ತನ್ನ ಸಿಟ್ಟು ಪೂರ್ತಿ ನ್ಯಾಯವಾಗಿಯೇ ಕಾಣುತ್ತಿತ್ತು. ‘ಸಿಲ್ಲಿ ಲಲ್ಲಿ’ಯ ಡಾಕ್ಟರ್ ವಿಠ್ಠಲ್ ರಾವ್ ಪಾತ್ರದಲ್ಲಿ ರವಿಶಂಕರ್ ಗೌಡ ಅವರು ತಮ್ಮ ವೈದ್ಯಕೀಯದ ಬಗ್ಗೆ ಎಳ್ಳಷ್ಟೂ ಅನುಮಾನ ತೋರುತ್ತಿರಲಿಲ್ಲ, ಸಮಾಜಸೇವಕಿ ಲಲಿತಾಂಬೆಯಾಗಿ ಮಂಜುಭಾಷಿಣಿ ಅವರು ತಮ್ಮ ಸೇವೆಯ ಬಗ್ಗೆ ತೋರುತ್ತಿರಲಿಲ್ಲ. ‘ಸೋಪ್’ನಲ್ಲಿ ಕ್ಯಾಥರೀನ್ ಹೆಲ್ಮಂಡ್ ಅವರ ಜೆಸಿಕಾ ಸುತ್ತಲಿನ ಅನಾಹುತವನ್ನೆಲ್ಲ ಕೂಸಿನಂಥ ಮುಗ್ಧತೆಯಿಂದ ದಾಟಿಕೊಂಡು ಹೋಗುತ್ತಾಳೆ. ಆದ್ದರಿಂದ ಬರೆಯುವಾಗ ‘ಅವರು ಏನು ಹೇಳಿ ನಗಿಸಿದರು’ ಎಂಬುದಕ್ಕಿಂತ ‘ಯಾವುದನ್ನು ಗಂಭೀರವಾಗಿ ನಂಬಿದ್ದರು’ ಎಂದು ಪ್ರತಿ ಪಾತ್ರಕ್ಕೂ ಕೇಳಿಕೊಳ್ಳಿರಿ. ಉತ್ತರ ಒಂದೇ ಸಾಲಿನಲ್ಲಿ ಬಂದರೆ ಆ ಕಲಾವಿದರ ಬಗ್ಗೆ ಬರೆಯಲು ನೀವು ಸಿದ್ಧರಾಗಿದ್ದೀರಿ.

ಇದಕ್ಕೆ ಅತಿ ವಿಚಿತ್ರ ಉದಾಹರಣೆ ಜೇ ಜಾನ್ಸನ್ ಅವರದು. ಅವರು ಬಾಯಿ ಆಡಿಸದೆ ಗೊಂಬೆಯನ್ನು ಮಾತನಾಡಿಸುವ ನಿಜವಾದ ಕಲಾವಿದರು. ‘ಸೋಪ್’ನಲ್ಲಿ ಬರ್ಟ್‌ನ ಮಗ ಚಕ್ ಆಗಿ, ಕೈಯಲ್ಲಿನ ಬಾಬ್ ಎಂಬ ಗೊಂಬೆ ಜೀವವಿರುವ ಮನುಷ್ಯನೆಂದೇ ಹಟ ಹಿಡಿಯುತ್ತಾರೆ, ಎದುರಿನವರನ್ನು ಗೊಂಬೆ ಬಯ್ದರೆ ಚಕ್ ವಿನಯದಿಂದ ನಿಲ್ಲುತ್ತಾನೆ, ಮನೆಮಂದಿ ಗೊಂಬೆಯ ಜೊತೆಯೇ ಜಗಳಕ್ಕೆ ನಿಲ್ಲುತ್ತಾರೆ. ತಂಡದ ನೆನಪು ಬರೆಯುವಾಗ ಈ ಎರಡನೆಯ ಸಂಗತಿಯನ್ನು ಬಿಡಬಾರದು: ಒಬ್ಬರ ವಿಲಕ್ಷಣತೆ ನಿಂತಿರುವುದು ಉಳಿದವರು ಅದನ್ನು ನಂಬಿದ್ದರಿಂದ. ತಂಡವೆಂದರೆ ಹೆಸರುಗಳ ಪಟ್ಟಿಯಲ್ಲ.

ಹೆಸರುಗಳ ವಿಷಯದಲ್ಲಿ ಮಾತ್ರ ನೆನಪನ್ನು ನಂಬಲೇಬಾರದು. ಕನ್ನಡದಲ್ಲಿ ಪಾತ್ರವೂ ಕೃತಿಯೂ ಕಲಾವಿದರ ಹೆಸರನ್ನು ನುಂಗಿಬಿಡುವ ರೂಢಿ ಬಲವಾಗಿದೆ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬಂದ ‘ಸಿಹಿಕಹಿ’ ಎಂಬ ನಗೆ ಧಾರಾವಾಹಿ ಮುಗಿದು ಎಷ್ಟೋ ಕಾಲವಾಯಿತು. ಅದರಲ್ಲಿ ನಟಿಸಿದ ದಂಪತಿ ಇಂದಿಗೂ ಸಿಹಿಕಹಿ ಚಂದ್ರು, ಸಿಹಿಕಹಿ ಗೀತಾ ಎಂದೇ ಕರೆಸಿಕೊಳ್ಳುತ್ತಾರೆ. ನಾಟಕವೊಂದರಿಂದ ಹೆಸರು ಪಡೆದ ಮುಖ್ಯಮಂತ್ರಿ ಚಂದ್ರು ಅವರೇ ಬೇರೆ. ರವಿಶಂಕರ್ ಗೌಡ ಅವರನ್ನು ಖಳಪಾತ್ರಗಳಿಂದ ಹೆಸರಾದ ಇನ್ನೊಬ್ಬ ರವಿಶಂಕರ್ ಅವರೊಡನೆ ಬೆರೆಸಿ ಮಾತನಾಡುವವರನ್ನು ನಮ್ಮ ಓಣಿಯಲ್ಲೇ ಕಂಡಿದ್ದೇನೆ. ಪಾತ್ರದ ಹೆಸರು, ಕಲಾವಿದರ ಹೆಸರು, ಅವರನ್ನು ನಮ್ಮ ಮನೆಯಲ್ಲಿ ಕರೆಯುತ್ತಿದ್ದ ಹೆಸರು ಮೂರನ್ನೂ ಬೇರೆ ಬೇರೆಯಾಗಿ ಬರೆದುಕೊಂಡು, ಮೊದಲ ಎರಡನ್ನು ಧಾರಾವಾಹಿಯ ಹೆಸರುಪಟ್ಟಿ ನೋಡಿ ಸರಿಪಡಿಸಬೇಕು. ವಾಹಿನಿಯ ಹೆಸರಿಗೂ ಈ ಎಚ್ಚರ ಬೇಕು: ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಯಿತು, ಆದ್ದರಿಂದ ಹಳೆಯ ಧಾರಾವಾಹಿಯನ್ನು ಹೊಸ ಹೆಸರಿನಡಿ ಬರೆಯುವುದು ತಪ್ಪಾಗುತ್ತದೆ. ಹಾಗೆಯೇ 2014ರ ನವೆಂಬರ್ ಮೊದಲಿನ ನೆನಪಿನಲ್ಲಿ ಊರು ‘ಗುಲಬರ್ಗಾ’ ಆಗಿಯೇ ಇರಲಿ.

ಇನ್ನು ಹಿರಿಯರನ್ನು ಕೇಳುವ ಕೆಲಸ. ನಮ್ಮ ಭಾಗದ ಹಿರಿಯರಿಗೆ ಟಿವಿಯ ನೆನಪು ರಾಜ್ಯದ ಉಳಿದವರಿಗಿಂತ ಹಳೆಯದು ಎಂಬುದು ಅನೇಕರಿಗೆ ಗೊತ್ತಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದ ಪ್ರಯೋಗದಲ್ಲಿ ಕರ್ನಾಟಕದಿಂದ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಇಂದಿನ ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯೊಳಗೇ ಇತ್ತು. ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಹಳ್ಳಿಯ ಒಂದೇ ಪೆಟ್ಟಿಗೆಯ ಮುಂದೆ ಊರೆಲ್ಲ ಕುಳಿತು ನೋಡಿದ ಮಂದಿ ಪರದೆಯ ಮೇಲಿನ ಮುಖವನ್ನು ಮನೆಗೆ ಬಂದ ಅತಿಥಿಯಂತೆ ನೆನೆಯುತ್ತಾರೆ. ಅವರ ಮಾತನ್ನು ಮೊದಲು ಅಲ್ಲಿಂದ ಬರಲು ಬಿಡಬೇಕು. ‘ನಿಮಗೆ ಯಾವ ಕಲಾವಿದರು ಇಷ್ಟ’ ಎಂದು ನೇರವಾಗಿ ಕೇಳಿದರೆ ‘ಎಲ್ಲಾರೂ ಚೊಲೋನೇ ಮಾಡ್ತಿದ್ರು’ ಎಂದು ಮುಗಿಸುತ್ತಾರೆ. ಸುಸಲಾ, ಮಿರ್ಚಿ ಮುಂದಿಟ್ಟು, ‘ಅತ್ತೀ, ಆ ಡಾಕ್ಟರ್ ಹ್ಯಾಂಗ ಮಾತಾಡ್ತಿದ್ದಾ?’ ಎಂದು ಕೇಳಿದಾಗ ಎಪ್ಪತ್ತು ದಾಟಿದ ನಮ್ಮ ಅತ್ತೆ ಎದ್ದು ನಿಂತು ನಡೆದೇ ತೋರಿಸಿದರು. ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿರಿ, ಬರಹಕ್ಕಿಳಿಸುವಾಗ ಅವರ ಭಾಷೆಯನ್ನು ಬೆಂಗಳೂರಿನ ಕನ್ನಡಕ್ಕೆ ತಿದ್ದಬೇಡಿರಿ. ಕನ್ನಡ ಟಿವಿಯ ನಗೆಯಲ್ಲಿ ನಮ್ಮ ಕಡೆಯ ಮಾತು ಅನೇಕ ಸಲ ಮನೆಗೆಲಸದವನ ಬಾಯಿಗಷ್ಟೇ ಸಿಕ್ಕಿದೆ. ಆ ಹೊತ್ತಿಗೆ ನಾವೂ ನಕ್ಕಿದ್ದರೆ ಅದನ್ನು ಬರೆಯಬೇಕು, ಮುಜುಗರವಾಗಿದ್ದರೆ ಅದನ್ನೂ ಬರೆಯಬೇಕು.

ಇಷ್ಟಾದ ಮೇಲೆ, ಮೊದಲ ಕರಡು ಮುಗಿದ ನಂತರ, ಹಳೆಯ ಕಂತುಗಳನ್ನು ನೋಡಬಹುದು. ನೋಡಿದಾಗ ಕೆಲವು ನೆನಪು ಸುಳ್ಳಾಗುತ್ತವೆ, ಕೆಲವು ನಗೆಗಳು ಹಳಸಿರುತ್ತವೆ. ಹೆಂಡತಿ ಗಂಡನನ್ನು ಹೊಡೆಯುವುದು ಅಂದು ತಲೆಕೆಳಗಾದ ಸಂಸಾರದ ತಮಾಷೆಯಾಗಿ ಕಂಡಿತ್ತು, ಇಂದು ನಮ್ಮ ಮನೆಯ ಹುಡುಗರು ಅದಕ್ಕೆ ನಗಲಿಲ್ಲ. ‘ಸೋಪ್’ ಆರಂಭವಾಗುವ ಮುನ್ನವೇ ಅದರ ವಿರುದ್ಧ ಸಾವಿರಾರು ಪತ್ರಗಳು ಬಂದಿದ್ದವು, ಬಿಲ್ಲಿ ಕ್ರಿಸ್ಟಲ್ ಅವರು ಮಾಡಿದ ಜೋಡಿ ಎಂಬ ಸಲಿಂಗಿ ಯುವಕನ ಪಾತ್ರವನ್ನು ಸಂಪ್ರದಾಯಸ್ಥರೂ ಸಲಿಂಗಿ ಸಂಘಟನೆಗಳೂ ಬೇರೆ ಬೇರೆ ಕಾರಣಕ್ಕೆ ಆಕ್ಷೇಪಿಸಿದ್ದವು. ಪ್ರೀತಿಯ ಬರಹವೆಂದು ಇಂಥದ್ದನ್ನು ಮುಚ್ಚಿಡುವುದು ಕಲಾವಿದರಿಗೂ ಅನ್ಯಾಯ, ಏಕೆಂದರೆ ಬಿಗಿಯಾದ ಇಕ್ಕಟ್ಟಿನಲ್ಲಿಯೂ ಪಾತ್ರಕ್ಕೆ ಮಾನವನ್ನು ಉಳಿಸಿಕೊಟ್ಟವರು ಅವರೇ.

ತೀರಿಹೋದವರ ಬಗ್ಗೆ ಬರೆಯುವಾಗ ಶ್ರದ್ಧಾಂಜಲಿಯ ಧಾಟಿ ತಾನಾಗಿ ನುಸುಳುತ್ತದೆ. ‘ಸೋಪ್’ನ ಮೇರಿ ಪಾತ್ರಧಾರಿ ಕ್ಯಾಥ್ರಿನ್ ಡೇಮನ್ 1987ರಲ್ಲಿ, ಮಲಿಗನ್ 2000ದಲ್ಲಿ, ಗಿಯೋಮ್ 2017ರಲ್ಲಿ, ಹೆಲ್ಮಂಡ್ 2019ರಲ್ಲಿ ತೀರಿಕೊಂಡರು. ಇಸವಿಯನ್ನು ಒಮ್ಮೆ ಹೇಳಿ ಪಾತ್ರಕ್ಕೆ ಮರಳಬೇಕು. 1980ರಲ್ಲಿ ಡೇಮನ್ ಮತ್ತು ಮಲಿಗನ್ ಇಬ್ಬರೂ ಎಮ್ಮಿ ಪ್ರಶಸ್ತಿ ಪಡೆದರೆಂಬುದಕ್ಕಿಂತ, ಪರದೆಯ ಮೇಲೆ ಆ ಗಂಡಹೆಂಡತಿ ಒಬ್ಬರ ಹುಚ್ಚನ್ನು ಇನ್ನೊಬ್ಬರು ಹೇಗೆ ತಾಳಿಕೊಂಡರೆಂಬುದು ಓದುಗನಿಗೆ ಹೆಚ್ಚು ಬೇಕು. ಬದುಕಿರುವ ಕಲಾವಿದರ ಸ್ವಂತ ಸಂಸಾರದ ಸುದ್ದಿಗೆ ಈ ಬರಹದಲ್ಲಿ ಜಾಗವಿಲ್ಲ.

ಬೆರಳಚ್ಚು ಮಾಡುವಾಗ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಉಳಿಸದೆ ಯುನಿಕೋಡಿನಲ್ಲಿಯೇ ಉಳಿಸಿರಿ. ಇಲ್ಲವಾದರೆ ಬೇರೆ ಕಂಪ್ಯೂಟರಿನಲ್ಲಿ ಕನ್ನಡವೆಲ್ಲ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ, ನನ್ನ ಮೊದಲ ಬೇಸಿಗೆಯ ಶ್ರಮ ಹೀಗೆಯೇ ಹಾಳಾಯಿತು. ಧ್ವನಿಯ ಕಡತಗಳಿಗೆ ಮಾತನಾಡಿದವರ ನಂಟಿನ ಹೆಸರನ್ನೂ ದಿನಾಂಕವನ್ನೂ ಕೊಟ್ಟು ಎರಡು ಕಡೆ ಇಡಬೇಕು. ಕೊನೆಗೆ ಒಂದು ಪ್ರತಿ ಮುದ್ರಿಸಿಕೊಂಡು, ಊಟದ ನಂತರ ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ನಾನು ಓದಿದ ರಾತ್ರಿ, ಡಾಕ್ಟರ್ ಕುರ್ಚಿಯಿಂದ ಏಳುವ ಪರಿಯನ್ನು ಒಂದು ಪುಟ ತುಂಬ ಬರೆದಿದ್ದ ಕಡೆ ಅತ್ತೆ ತಡೆದು, ‘ಅಂವಾ ಏಳ್ತಾನೇ ಇದ್ದಿಲ್ಲಾ, ಕುಂತಲ್ಲೇ ಕೈ ಮಾಡ್ತಿದ್ದಾ’ ಎಂದರು. ಕಾಕಾ ಇಬ್ಬರದೂ ತಪ್ಪೆಂದರು. ಮೂವರ ಮಾತನ್ನೂ ಅವರವರ ಹೆಸರಿನಲ್ಲಿ ಅದೇ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿಟ್ಟಿದ್ದೇನೆ.