ಪ್ರಣಾಳಿಕೆ ಮೇಲೆ ವಾದಕ್ಕಿಳಿಯುವ ಮುನ್ನ

ಭರವಸೆಯನ್ನು ಮೊದಲು ನಿಮ್ಮೂರಿನ ಅಳತೆಗೆ ಇಳಿಸಿ. ಉದಾಹರಣೆಗೆ, ಮನೆಯ ಯಜಮಾನಿಗೆ ಕೊಡುವ ಗೃಹಲಕ್ಷ್ಮಿ ತಿಂಗಳಿಗೆ 2,000 ರೂಪಾಯಿ. ಮನೆಗೆ ವರ್ಷಕ್ಕೆ 24,000, ಸಾವಿರ ಮನೆಗೆ 2.4 ಕೋಟಿ. ಒಬ್ಬರು ವರ್ಷದ ಲೆಕ್ಕ, ಇನ್ನೊಬ್ಬರು ಐದು ವರ್ಷದ್ದು ಹಿಡಿದರೆ ಜಗಳ ಮುಗಿಯುವುದೇ ಇಲ್ಲ.

ಮಾಸಾಶನ, ಸಂಬಳ ರಾಜಸ್ವ ವೆಚ್ಚ, ಅಂದರೆ ಮತ್ತೆ ಮತ್ತೆ ಬರುವ ದಿನನಿತ್ಯದ ಖರ್ಚು. ಹೊಸ ರಸ್ತೆ, ಶಾಲಾ ಕಟ್ಟಡ ಬಂಡವಾಳ ವೆಚ್ಚ, ಅಂದರೆ ಆಸ್ತಿಯಾಗಿ ಉಳಿಯುವ ಖರ್ಚು. ಎರಡನ್ನೂ ಬೆರೆಸಬೇಡಿ.

ನಮ್ಮ ರಾಯಚೂರು ಕಡೆ ವಾದ ಹಳಿ ತಪ್ಪುವುದು ಹೆಚ್ಚಾಗಿ ಇಲ್ಲೇ: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಘೋಷಿಸಿದ್ದು, ಬಿಡುಗಡೆಯಾದದ್ದು, ಖರ್ಚಾದದ್ದು ಮೂರು ಬೇರೆ ಅಂಕಿಗಳು. ಆಳುವವರು ಮೊದಲನೆಯದನ್ನೇ ಹೇಳುತ್ತಾರೆ. ಮೂರನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಕೊಡುತ್ತೇವೆ ಎನ್ನುವವರನ್ನು ಕೇಳಿ: ಯಾವ ವಿತರಣಾ ಕಾಲುವೆ, ಎಷ್ಟು ಹಣ, ಯಾವ ವರ್ಷದ ಬಜೆಟ್‌ನಲ್ಲಿ? ಉತ್ತರವನ್ನು ಅವರೆದುರೇ ಬರೆದುಕೊಳ್ಳಿ.